ದುಡಿಯುವವನ ದಾರಿಖರ್ಚು ಯಾರ ಲೆಕ್ಕಕ್ಕೆ?

ವರಮಾನ ತೆರಿಗೆಯ ರಿಟರ್ನು ಸಲ್ಲಿಸುವ ಕಾಲ ಬಂತೆಂದರೆ ನಮ್ಮ ಕಚೇರಿಗೆ ಬರುವ ಕಾಗದಗಳ ಜಾತಿಯೇ ಬದಲಾಗುತ್ತದೆ. ಬಗರ್ ಹುಕುಂ ಅರ್ಜಿ, ಪಡಿತರ ಚೀಟಿಯ ತಕರಾರು, ಪಹಣಿಯ ತಪ್ಪು, ಇವುಗಳ ನಡುವೆ ಔಷಧ ಕಂಪೆನಿಯ ಪ್ರತಿನಿಧಿಗಳು, ಸಾಲ ವಸೂಲಿಗೆಂದು ಊರೂರು ಸುತ್ತುವ ತರುಣರು, ಬೆಳಿಗ್ಗೆ ಒಂದು ಶಾಲೆ ಮಧ್ಯಾಹ್ನ ಇನ್ನೊಂದು ಶಾಲೆ ಎಂದು ಓಡಾಡುವ ಖಾಸಗಿ ಉಪಾಧ್ಯಾಯರು ಒಂದೇ ಪ್ರಶ್ನೆಯನ್ನು ಹೊತ್ತು ಬರುತ್ತಾರೆ. ಕೆಲಸಕ್ಕಾಗಿ ತಿರುಗಾಡಿದ ಖರ್ಚನ್ನು ರಿಟರ್ನಿನ ಯಾವ ಅಂಕಣದಲ್ಲಿ ಬರೆಯಬೇಕು ಎಂಬುದು ಆ ಪ್ರಶ್ನೆ. ಉತ್ತರ ಚಿಕ್ಕದು. ಸಂಬಳಗಾರ ತನ್ನ ಜೇಬಿನಿಂದ ತೆತ್ತ ದಾರಿಖರ್ಚನ್ನು ಬರೆಯಲು ಅಂಥ ಅಂಕಣವೇ ಇಲ್ಲ. ಕೇಳಿದವರು ಪೆಚ್ಚಾಗಿ ಹಿಂದಿರುಗುತ್ತಾರೆ. ತಮಗೇ ಫಾರಮು ತುಂಬಲು ಬರಲಿಲ್ಲವೇನೋ ಎಂಬ ಅನುಮಾನವೂ ಅವರಿಗೆ ಇರುತ್ತದೆ. ಅವರ ಅಜ್ಞಾನವೇನೂ ಇಲ್ಲಿಲ್ಲ. ಅಂಕಣ ಯಾಕಿಲ್ಲ, ಯಾರಿಗೆ ಇದೆ ಎಂಬುದನ್ನು ಈ ವಾರ ಬಿಡಿಸಿ ಹೇಳುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

1961ರ ವರಮಾನ ತೆರಿಗೆ ಕಾಯಿದೆ ಸಂಬಳದಿಂದ ಕಳೆಯಲು ಒಪ್ಪಿದ್ದು ಮೂರೇ ಬಾಬುಗಳನ್ನು. ಎಲ್ಲ ಸಂಬಳಗಾರರಿಗೂ ಸಮನಾದ ಒಂದು ಸ್ಥಿರ ಕಡಿತ, ಸರಕಾರಿ ನೌಕರರ ಆತಿಥ್ಯ ಭತ್ಯೆಯ ಒಂದು ಸಣ್ಣ ಪಾಲು, ಮತ್ತು ವೃತ್ತಿ ತೆರಿಗೆ. ಹೊಸ ಪದ್ಧತಿಯನ್ನು ಆರಿಸಿಕೊಂಡವರಿಗೆ ಇವುಗಳಲ್ಲಿ ಮೊದಲನೆಯದಷ್ಟೇ ಗತಿ. 2025ರಲ್ಲಿ ಪಾರ್ಲಿಮೆಂಟು ಆ ಹಳೆಯ ಕಾಯಿದೆಯ ಜಾಗಕ್ಕೆ ಹೊಸದೊಂದನ್ನು ಅಂಗೀಕರಿಸಿ 2026ರ ಏಪ್ರಿಲ್ 1ರಿಂದ ಅದು ಜಾರಿಗೆ ಬರುವಂತೆ ಮಾಡಿತು. ಕಲಮುಗಳ ಸಂಖ್ಯೆ ಬದಲಾಯಿತು, ವಾಕ್ಯಗಳು ಸರಳವಾದುವು, ಪುಟಗಳು ಕಡಿಮೆಯಾದುವು. ಸಂಬಳಗಾರನ ದಾರಿಖರ್ಚಿನ ವಿಷಯದಲ್ಲಿ ಮಾತ್ರ ಹಳೆಯ ನೀತಿಯೇ ಹೊಸ ರಟ್ಟಿನೊಳಗೆ ಬಂದು ಕೂತಿತು.

ಇನ್ನು ವ್ಯಾಪಾರಿಯ ಕಡೆಗೆ ತಿರುಗೋಣ. ವ್ಯಾಪಾರಕ್ಕಾಗಿಯೇ ಮಾಡಿದ ಖರ್ಚನ್ನೆಲ್ಲ ಲಾಭದಿಂದ ಕಳೆಯಬಹುದು ಎಂಬುದು ಕಾಯಿದೆಯ ಮೂಲಸೂತ್ರ. ಈ ಸೂತ್ರದಲ್ಲಿ ನಾವು ಅನ್ಯಾಯವನ್ನು ಕಾಣುವುದಿಲ್ಲ. ಹತ್ತು ರೂಪಾಯಿ ಗಳಿಸಲು ಮೂರು ರೂಪಾಯಿ ಖರ್ಚಾದರೆ ವರಮಾನ ಏಳೇ ರೂಪಾಯಿ. ಹಾಗೆ ಅವನ ಕಾರಿನ ಪೆಟ್ರೋಲು, ಚಾಲಕನ ಸಂಬಳ, ವಿಮೆ, ರಿಪೇರಿ, ಕಾರಿನ ಸಾಲದ ಬಡ್ಡಿ, ಹೋಟೆಲಿನ ಬಾಡಿಗೆ, ವಿಮಾನದ ಟಿಕೆಟ್ಟು ಎಲ್ಲವೂ ಲೆಕ್ಕಕ್ಕೆ ಸಲ್ಲುತ್ತವೆ. ಕಾರು ಸವೆಯುತ್ತದೆಂದು ವರ್ಷಕ್ಕೆ ಅದರ ಬೆಲೆಯ ಶೇಕಡಾ 15ರಷ್ಟು ಸವಕಳಿ ಬೇರೆ. ವರ್ಷದ ಆರಂಭದಲ್ಲಿ 20 ಲಕ್ಷದ ಕಾರು ಕೊಂಡರೆ ಮೊದಲ ವರ್ಷವೇ 3 ಲಕ್ಷ ರೂಪಾಯಿ ಲಾಭದಿಂದ ಕಳೆದುಹೋಯಿತು. 2019ರಲ್ಲಿ ಮೋಟಾರು ಕಂಪೆನಿಗಳ ಮಾರಾಟ ಕುಗ್ಗಿದಾಗ ಸರಕಾರ ಇನ್ನೂ ಉದಾರವಾಯಿತು. ಆ ವರ್ಷದ ಆಗಸ್ಟ್ 23ರಿಂದ 2020ರ ಮಾರ್ಚ್ 31ರೊಳಗೆ ಕೊಂಡು ಬಳಕೆಗೆ ತಂದ ಹೊಸ ಕಾರಿಗೆ ಸವಕಳಿ ಶೇಕಡಾ 30. ಸ್ವಂತಕ್ಕೆ ಬಳಸಿದಷ್ಟು ಪಾಲನ್ನು ಬಿಟ್ಟು ಉಳಿದುದನ್ನು ಮಾತ್ರ ಕಳೆಯಬೇಕೆಂಬ ಕಲಮು ಇದೆಯೆಂಬುದು ನಿಜ. ಆದರೆ ಭಾನುವಾರ ಮದುವೆ ಮನೆಗೆ ಹೋದ ಕಾರಿನ ಹಿಂದೆ ಕಿಲೋಮೀಟರು ಎಣಿಸುತ್ತಾ ಹೋಗುವವರು ಯಾರು?

ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ರಸ್ತೆಯನ್ನೇ ತೆಗೆದುಕೊಳ್ಳಿ. ಎಪ್ಪತ್ತು ಕಿಲೋಮೀಟರಿನಷ್ಟು ದಾರಿ. ಔಷಧದ ಸಗಟು ವ್ಯಾಪಾರಿಯೊಬ್ಬ ಬಾಕಿ ಕೇಳಲು ಕಾರಿನಲ್ಲಿ ಹೋಗುತ್ತಾನೆ. ಅದೇ ದಿನ, ಅದೇ ಅಂಗಡಿ ಸಾಲಿಗೆ, ಕಂಪೆನಿಯ ಪ್ರತಿನಿಧಿಯೊಬ್ಬ ಬೆನ್ನಿಗೆ ಚೀಲ ಕಟ್ಟಿಕೊಂಡು ಮಳೆಯಲ್ಲಿ ನೆನೆಯುತ್ತ ಮೋಟಾರು ಸೈಕಲ್ಲಿನಲ್ಲಿ ಹೋಗುತ್ತಾನೆ. ಕಂಪೆನಿ ದಾರಿಖರ್ಚು ಸರಿಯಾಗಿ ಕೊಡದಿದ್ದರೆ ಪೆಟ್ರೋಲು ಅವನ ಜೇಬಿನದು. ಇಬ್ಬರ ಪ್ರಯಾಣದ ಉದ್ದೇಶವೂ ವ್ಯಾಪಾರವೇ. ವರ್ಷದ ಕೊನೆಗೆ ಮೊದಲನೆಯವನ ಪೆಟ್ರೋಲು ಖರ್ಚಿನ ಪಟ್ಟಿಗೆ ಹೋಗಿ ತೆರಿಗೆಯನ್ನು ಇಳಿಸುತ್ತದೆ. ಎರಡನೆಯವನ ಪೆಟ್ರೋಲು ಹೊಗೆಯಾಗಿ ಹೋದದ್ದಷ್ಟೇ. ದಿನಕ್ಕೆ 60 ಕಿಲೋಮೀಟರಿನಂತೆ ತಿಂಗಳಿಗೆ 25 ದಿನ ತಿರುಗುವವನ ಲೆಕ್ಕ ಹಾಕಿ ನೋಡಿದೆವು. 1,500 ಕಿಲೋಮೀಟರು, ಲೀಟರಿಗೆ 45ರಂತೆ ಓಡಿದರೆ 33 ಲೀಟರಿನ ಮೇಲೆ, ಲೀಟರಿಗೆ 103 ರೂಪಾಯಿ ಹಿಡಿದರೆ ತಿಂಗಳಿಗೆ 3,400ಕ್ಕೂ ಮೇಲೆ. ವರ್ಷಕ್ಕೆ 41,000 ರೂಪಾಯಿ. ಟಯರು, ಆಯಿಲು, ಚೈನು, ಮಧ್ಯಾಹ್ನದ ಊಟ ಇದರಲ್ಲಿ ಸೇರಿಲ್ಲ. ಮೋಟಾರು ಸೈಕಲ್ಲಿನ ಸವಕಳಿಯನ್ನಂತೂ ಕೇಳುವವರೇ ಇಲ್ಲ. ಅದು ಸವೆಯುವುದಿಲ್ಲವೆಂದು ಕಾಯಿದೆ ಭಾವಿಸಿರಬೇಕು!

ದೊಡ್ಡ ಸಂಬಳದ ಅಧಿಕಾರಿಗಳ ಮಾತೂ ಇದೆ. ಅವರೂ ಸಂಬಳಗಾರರೇ ಅಲ್ಲವೆ, ಅವರಿಗೂ ಅಂಕಣವಿಲ್ಲವಲ್ಲ ಎಂದು ಕೆಲವರು ವಾದಿಸುತ್ತಾರೆ. ಅವರಿಗೆ ಅಂಕಣದ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ಅವರ ಕಾರು ಕಂಪೆನಿಯದು. ಕಂಪೆನಿಯ ಕಾರನ್ನು ಕೆಲಸಕ್ಕೂ ಸ್ವಂತಕ್ಕೂ ಬಳಸುವ ಅಧಿಕಾರಿಗೆ ಆ ಸೌಲಭ್ಯದ ಬೆಲೆಯೆಂದು 1962ರ ನಿಯಮಾವಳಿ ಕಟ್ಟಿದ್ದು ಎಷ್ಟು ಗೊತ್ತೆ? ಪೆಟ್ರೋಲು ರಿಪೇರಿ ಸಮೇತ ಎಲ್ಲವನ್ನೂ ಕಂಪೆನಿಯೇ ಕೊಟ್ಟರೂ, 1.6 ಲೀಟರಿನವರೆಗಿನ ಎಂಜಿನ್ನಿನ ಕಾರಿಗೆ ತಿಂಗಳಿಗೆ 1,800 ರೂಪಾಯಿ, ಅದಕ್ಕೂ ದೊಡ್ಡದಕ್ಕೆ 2,400, ಚಾಲಕನಿದ್ದರೆ ಮತ್ತೆ 900. 2009-10ರಿಂದ ಎಷ್ಟೋ ವರ್ಷ ಇದೇ ದರ ನಡೆಯಿತು. ತಿಂಗಳಿಗೆ 900 ರೂಪಾಯಿಗೆ ಕಾರು ಓಡಿಸಲು ಯಾವ ಚಾಲಕ ಬರುತ್ತಾನೆಂದು ನಮಗೆ ಯಾರಾದರೂ ತಿಳಿಸಿದರೆ ಅವನ ಪರವಾಗಿ ಮೊದಲ ಮುಷ್ಕರವನ್ನು ನಾವೇ ಹೂಡುತ್ತೇವೆ. ಹೋಗಲಿ. ಇದಕ್ಕಿಂತ ಮುಖ್ಯವಾದ ಮಾತು ಆ ಕಾಯಿದೆಯ ಸಣ್ಣಕ್ಷರದ ವಿವರಣೆಯೊಂದರಲ್ಲಿ ಅಡಗಿತ್ತು. ಮಾಲೀಕನು ಒದಗಿಸಿದ ವಾಹನದಲ್ಲಿ ಮನೆಯಿಂದ ಕಚೇರಿಗೂ ಕಚೇರಿಯಿಂದ ಮನೆಗೂ ಹೋಗಿ ಬರುವುದನ್ನು ಸೌಲಭ್ಯವೆಂದೇ ಎಣಿಸಕೂಡದು, ಅದಕ್ಕೆ ತೆರಿಗೆ ಹಾಕಕೂಡದು ಎಂದು ಅದು ಹೇಳಿತು.

ವಾಚಕರು ಇದನ್ನು ಎರಡು ಸಲ ಓದಬೇಕೆಂದು ನಮ್ಮ ಕೋರಿಕೆ. ಮನೆಯಿಂದ ಕಚೇರಿಗೆ ಹೋಗುವುದು ಸ್ವಂತ ವ್ಯವಹಾರ, ನೀನು ದೂರದಲ್ಲಿ ವಾಸ ಮಾಡಿದರೆ ಅದು ನಿನ್ನ ಇಚ್ಛೆ, ಸರಕಾರ ಅದಕ್ಕೇಕೆ ತೆರಿಗೆ ಬಿಡಬೇಕು, ಇದು ಬಸ್ಸಿನಲ್ಲಿ ಹೋಗುವ ಗುಮಾಸ್ತನಿಗೆ ಹೇಳುವ ನ್ಯಾಯ. ಕಂಪೆನಿಯ ಕಾರು ಬಾಗಿಲಿಗೆ ಬಂದು ನಿಂತರೆ ಅದೇ ದಾರಿ, ಅದೇ ದೂರ ಕೆಲಸದ ಭಾಗವಾಗಿಬಿಡುತ್ತದೆ.

ಈ ದೇಶದ ಕಾಯಿದೆ ಮೊದಲಿನಿಂದಲೂ ಇಷ್ಟು ಕುರುಡಾಗಿರಲಿಲ್ಲ. 1974ಕ್ಕೆ ಮುಂಚೆ ಸಂಬಳಗಾರನಿಗೆ ಪುಸ್ತಕದ ಖರ್ಚಿಗೆ ಒಂದು ಕಡಿತ, ಕೆಲಸಕ್ಕೆ ಬಳಸುವ ಸ್ವಂತ ವಾಹನಕ್ಕೆ ಒಂದು ಕಡಿತ, ಕರ್ತವ್ಯಕ್ಕಾಗಿ ಮಾಡಲೇಬೇಕಾದ ಖರ್ಚಿಗೆ ಇನ್ನೊಂದು ಕಡಿತ ಬೇರೆ ಬೇರೆಯಾಗಿ ಇದ್ದುವು. ಉಪಾಧ್ಯಾಯನು ಪುಸ್ತಕ ಕೊಂಡರೆ ಅದು ದುಡಿಮೆಯ ಸಾಧನವೆಂದು ಒಪ್ಪುವಷ್ಟು ಮರ್ಯಾದೆ ಆ ಕಾಯಿದೆಗಿತ್ತು. 1974ರಲ್ಲಿ ಲೆಕ್ಕ ಸರಳವಾಗಲೆಂದು ಈ ಮೂರನ್ನೂ ಒಂದು ಮಾಡಿ ಸ್ಥಿರ ಕಡಿತವೆಂದು ಕರೆದರು. ಸಂಬಳದ ಮೊದಲ 10,000 ರೂಪಾಯಿಗೆ ಶೇಕಡಾ 20, ಅದರ ಮೇಲಿನದಕ್ಕೆ ಶೇಕಡಾ 10, ಒಟ್ಟು 3,500 ಮೀರದಂತೆ. ಮಾಲೀಕನ ಕಾರನ್ನೋ ಸ್ಕೂಟರನ್ನೋ ಪಡೆದು ಸ್ವಂತಕ್ಕೂ ಬಳಸುವವನಿಗೆ ಮಾತ್ರ ಆ ಕಡಿತ 1,000 ರೂಪಾಯಿ ಮೀರುವಂತಿರಲಿಲ್ಲ. ದಾರಿಖರ್ಚನ್ನು ಮಾಲೀಕ ಹೊತ್ತವನು ಬೇರೆ, ತಾನೇ ಹೊತ್ತವನು ಬೇರೆ ಎಂಬ ವಿವೇಕ ಆಗ ಇತ್ತು ಎಂಬುದಕ್ಕೆ ಇದೇ ಸಾಕ್ಷಿ. ಆ ಭೇದ ಆಮೇಲೆ ಅಳಿಸಿಹೋಯಿತು. ಕಂಪೆನಿಯ ಕಾರಿನಲ್ಲಿ ಓಡಾಡುವ ವ್ಯವಸ್ಥಾಪಕನಿಗೂ, ಸ್ವಂತ ಪೆಟ್ರೋಲು ಸುಡುವ ಪ್ರತಿನಿಧಿಗೂ, ಕಚೇರಿ ಬಿಟ್ಟು ಕದಲದ ಲೆಕ್ಕಿಗನಿಗೂ ಒಂದೇ ಮೊತ್ತದ ಕಡಿತವೆಂಬಲ್ಲಿಗೆ ಬಂದು ನಿಂತೆವು. ಸಮಾನತೆಯ ಹೆಸರಿನಲ್ಲಿ ನಡೆಯುವ ಅಸಮಾನತೆಗೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಸಿಗುವುದು ಕಷ್ಟ.

ನಡುವೆ 2005ರ ಹಣಕಾಸು ಕಾಯಿದೆ ಸ್ಥಿರ ಕಡಿತವನ್ನೇ ತೆಗೆದುಹಾಕಿತು. ಹದಿಮೂರು ವರ್ಷದ ನಂತರ, 2018ರ ಬಜೆಟ್ಟಿನಲ್ಲಿ, ಆಗಿನ ಹಣಕಾಸು ಮಂತ್ರಿ ಅರುಣ್ ಜೇಟ್ಲಿಯವರು ಅದನ್ನು ಮರಳಿ ತಂದರೆಂದು ಪತ್ರಿಕೆಗಳು ಮೊದಲ ಪುಟದಲ್ಲಿ ಬರೆದುವು. 40,000 ರೂಪಾಯಿಯ ಕಡಿತ! ಲೆಕ್ಕ ಮಾಡಿದವರಿಗೆ ಮಾತ್ರ ಬೇರೆ ಕಥೆ ಕಂಡಿತು. 2015ರಿಂದ ಸಾರಿಗೆ ಭತ್ಯೆಗೆ ತಿಂಗಳಿಗೆ 1,600ರಂತೆ ವರ್ಷಕ್ಕೆ 19,200 ರೂಪಾಯಿಯವರೆಗೆ ತೆರಿಗೆ ಇರಲಿಲ್ಲ. ಮಾಲೀಕನು ಮರಳಿಸುವ ವೈದ್ಯಕೀಯ ವೆಚ್ಚಕ್ಕೆ 15,000ದವರೆಗೆ ತೆರಿಗೆ ಇರಲಿಲ್ಲ. ಇವೆರಡನ್ನೂ ಕಿತ್ತುಕೊಂಡು ಅವುಗಳ ಬದಲಿಗೆ 40,000 ಕೊಟ್ಟರು. ಎರಡನ್ನೂ ಪಡೆಯುತ್ತಿದ್ದವನಿಗೆ ನಿಜವಾಗಿ ಹೆಚ್ಚಿದ್ದು 5,800 ರೂಪಾಯಿ. ಅದೇ ಬಜೆಟ್ಟಿನಲ್ಲಿ ತೆರಿಗೆಯ ಮೇಲಿನ ಸೆಸ್ಸು ಶೇಕಡಾ 3ರಿಂದ 4ಕ್ಕೆ ಏರಿತು. ಅಂಗವಿಕಲ ನೌಕರರ ಸಾರಿಗೆ ಭತ್ಯೆಯನ್ನು ಮಾತ್ರ ಮುಟ್ಟಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ನಿವೃತ್ತಿ ವೇತನದಾರರಿಗೂ ಈ ಕಡಿತ ಸಿಕ್ಕಿತು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಕೆಲಸಕ್ಕೆ ಹೋಗುವವನಿಗೂ ಮನೆಯಲ್ಲಿರುವವನಿಗೂ ಒಂದೇ ಕಡಿತವಾದ ಮೇಲೆ, ಅದನ್ನು ದಾರಿಖರ್ಚಿಗೆ ಕೊಟ್ಟದ್ದೆಂದು ಹೇಳುವುದು ಹೇಗೆ? 2019ರಲ್ಲಿ ಅದು 50,000 ಆಯಿತು. 2024ರ ಜುಲೈ ಬಜೆಟ್ಟಿನಲ್ಲಿ ಹೊಸ ಪದ್ಧತಿಯವರಿಗೆ 75,000 ಆಯಿತು.

ಬೇರೆ ದೇಶಗಳಲ್ಲಿ ಏನಿದೆ? ಇಂಗ್ಲೆಂಡು ನಮ್ಮ ಕಾಯಿದೆಯ ತವರು. ಮನೆಯಿಂದ ಕಾಯಂ ಕಚೇರಿಗೆ ಹೋಗುವ ಖರ್ಚನ್ನು ಅವರೂ ಒಪ್ಪುವುದಿಲ್ಲ. 1926ರಲ್ಲೇ ಅಲ್ಲಿನ ಪ್ರಭುಗಳ ಸಭೆ, ಲಂಡನ್ನಿನಲ್ಲಿದ್ದು ಪೋರ್ಟ್ಸ್‌ಮೌತಿಗೆ ನ್ಯಾಯ ಹೇಳಲು ಹೋಗುತ್ತಿದ್ದ ರಿಕೆಟ್ಸ್ ಎಂಬ ನ್ಯಾಯಾಧೀಶರ ರೈಲು ಖರ್ಚನ್ನೂ ತಳ್ಳಿಹಾಕಿತು. ಆದರೆ ಕೆಲಸದ ನಡುವಣ ಓಡಾಟಕ್ಕೆ ಅವರು ಬಾಗಿಲು ಮುಚ್ಚಿಲ್ಲ. 2011ರಲ್ಲಿ ನಿಗದಿಯಾದ ದರದಂತೆ ಸ್ವಂತ ಕಾರಿಗೆ ವರ್ಷದ ಮೊದಲ 10,000 ಮೈಲಿಗೆ ಮೈಲಿಯೊಂದಕ್ಕೆ 45 ಪೆನ್ಸು, ಸೈಕಲ್ಲಿಗೂ 20 ಪೆನ್ಸು. ಮಾಲೀಕ ಇದಕ್ಕಿಂತ ಕಡಿಮೆ ಕೊಟ್ಟರೆ ಉಳಿದ ವ್ಯತ್ಯಾಸವನ್ನು ನೌಕರ ತನ್ನ ವರಮಾನದಿಂದ ಕಳೆದುಕೊಳ್ಳಬಹುದು. ನಮ್ಮ ಸಾಗರದ ದಾರಿಯ ಪ್ರತಿನಿಧಿಗೆ ಬೇಕಾದದ್ದು ಇಷ್ಟೇ.

ಜರ್ಮನಿ ಇನ್ನೂ ಮುಂದೆ ಹೋಗಿದೆ. ಮನೆಯಿಂದ ಕೆಲಸದ ಜಾಗಕ್ಕಿರುವ ದೂರಕ್ಕೆ ಕಿಲೋಮೀಟರಿಗಿಷ್ಟು ಎಂದು ಅಲ್ಲಿ ಕಡಿತ ಕೊಡುತ್ತಾರೆ. 2001ರಿಂದ ಆ ಕಡಿತ ನೀವು ಕಾರಿನಲ್ಲಿ ಹೋದಿರೋ, ರೈಲಿನಲ್ಲೋ, ಸೈಕಲ್ಲಿನಲ್ಲೋ, ನಡೆದೇ ಹೋದಿರೋ ಎಂದು ಕೇಳುವುದಿಲ್ಲ. ಬಿಲ್ಲು ರಸೀತಿಗಳ ರಗಳೆ ಬೇಡ, ದೂರವೊಂದೇ ಸಾಕು. 2007ರಲ್ಲಿ ಖಜಾನೆಗೆ ಹಣ ಸಾಲದೆಂದು ಅಲ್ಲಿನ ಸರಕಾರ ಮೊದಲ 20 ಕಿಲೋಮೀಟರಿಗೆ ಕಡಿತವಿಲ್ಲವೆಂದು ಕಾಯಿದೆ ಮಾಡಿತು. ಕೆಲಸಗಾರರು ನ್ಯಾಯಾಲಯಕ್ಕೆ ಹೋದರು. 2008ರ ಡಿಸೆಂಬರ್ 9ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಾಯಿದೆ ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಸರಕಾರಕ್ಕೆ ಹಣ ಬೇಕೆಂಬುದೊಂದೇ ಕಾರಣದಿಂದ ಒಬ್ಬರ ಮೇಲೆ ಭಾರ ಹೊರಿಸುವುದು ನ್ಯಾಯವಲ್ಲ ಎಂಬುದು ಅದರ ತಾತ್ಪರ್ಯ. ಕಡಿತದಿಂದ ದೊಡ್ಡ ಸಂಬಳದವನಿಗೇ ಹೆಚ್ಚು ಲಾಭ, ತೆರಿಗೆಯ ಮಿತಿಗಿಂತ ಕೆಳಗಿರುವವನಿಗೆ ಏನೂ ಇಲ್ಲ ಎಂಬ ಆಕ್ಷೇಪಣೆ ಅಲ್ಲಿಯೂ ಎದ್ದಿತು. 2021ರಿಂದ, ದೂರದಿಂದ ಬರುವ ಅಂಥ ಬಡ ಕೆಲಸಗಾರನಿಗೆ ಸರಕಾರವೇ ಒಂದಿಷ್ಟು ಹಣ ಕೊಡುವ ಏರ್ಪಾಡನ್ನು ಮಾಡಿದರು. ಜರ್ಮನಿ ಸಮಾಜವಾದಿ ರಾಜ್ಯವೇನೂ ಅಲ್ಲ. ಬಂಡವಳಿಗ ದೇಶವೇ ಇಷ್ಟನ್ನು ಮಾಡಬಹುದಾದರೆ ಸಂವಿಧಾನದ ಪೀಠಿಕೆಯಲ್ಲಿ ಸಮಾಜವಾದವೆಂದು ಬರೆದುಕೊಂಡ ನಾವು ಏಕೆ ಮಾಡಕೂಡದು?

ನಮ್ಮಲ್ಲಿ ಮನೆಯ ಜಾಗವನ್ನು ಆರಿಸುವುದು ಯಾರ ಇಚ್ಛೆ? ಪೇಟೆಯ ಒಳಗೆ ಬಾಡಿಗೆ ಕೈಗೆಟುಕದೆ ಹತ್ತು ಹದಿನೈದು ಕಿಲೋಮೀಟರು ಆಚೆಯ ಹಳ್ಳಿಯಲ್ಲಿ ಉಳಿಯುವುದು ಇಚ್ಛೆಯೆ? ಗಂಡನಿಗೆ ಒಂದು ತಾಲ್ಲೂಕು ಹೆಂಡತಿಗೆ ಇನ್ನೊಂದು ತಾಲ್ಲೂಕು ಕೊಟ್ಟ ವರ್ಗಾವಣೆ ಅವರ ಇಚ್ಛೆಯೆ?

ಈಗ ಒಂದು ಗಂಭೀರ ಆಕ್ಷೇಪಣೆಯನ್ನು ಎದುರಿಸಬೇಕು. 2025ರ ಬಜೆಟ್ಟಿನಂತೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ವರಮಾನಕ್ಕೆ ತೆರಿಗೆಯೇ ಇಲ್ಲ, ಸ್ಥಿರ ಕಡಿತ ಸೇರಿಸಿದರೆ ಸಂಬಳಗಾರನಿಗೆ 12,75,000ದವರೆಗೆ ಇಲ್ಲ, ಹಾಗಿರುವಾಗ ನಿಮ್ಮ ಪ್ರತಿನಿಧಿಗೂ ಉಪಾಧ್ಯಾಯನಿಗೂ ಕಳೆದುಕೊಳ್ಳಲು ತೆರಿಗೆಯಾದರೂ ಎಲ್ಲಿದೆ ಎಂದು ಕೇಳಬಹುದು. ಮಾತು ಸರಿಯಾಗಿಯೇ ಇದೆ. ನಮಗೆ ಕಾಗದ ಬರೆದ ಬಹುಮಂದಿಗೆ ರಿಟರ್ನಿನಲ್ಲಿ ಅಂಕಣ ಸಿಕ್ಕಿದರೂ ಒಂದು ಕಾಸೂ ಉಳಿಯದು. ಸಮಸ್ಯೆಯ ಬುಡ ಇರುವುದು ಇಲ್ಲಿಯೇ. ಪೆಟ್ರೋಲಿನ 41,000 ರೂಪಾಯಿ ಅವನ ಕೈಯಿಂದ ಹೋಗಿರುವುದು ನಿಜ. ಅದರೊಳಗೆ ಕೇಂದ್ರದ ಅಬಕಾರಿ ಸುಂಕವಿದೆ, ರಾಜ್ಯದ ಮಾರಾಟ ತೆರಿಗೆಯಿದೆ. ಆ ಮಾರಾಟ ತೆರಿಗೆಯನ್ನು ರಾಜ್ಯ ಸರಕಾರ 2024ರ ಜೂನ್‌ನಲ್ಲಿ ಶೇಕಡಾ 25.92ರಿಂದ 29.84ಕ್ಕೆ ಏರಿಸಿತು. ವರಮಾನ ತೆರಿಗೆ ಕಟ್ಟದವನೆಂದು ಕರೆಸಿಕೊಂಡವನು ಪ್ರತಿ ಬೆಳಿಗ್ಗೆ ಪೆಟ್ರೋಲು ಬಂಕಿನಲ್ಲಿ ತೆರಿಗೆ ಕಟ್ಟುತ್ತಿದ್ದಾನೆ. ಅದನ್ನು ಅವನಿಗೆ ತುಂಬಿಕೊಡಬೇಕಾದವನು ಅವನನ್ನು ಕಳಿಸಿದ ಮಾಲೀಕ. ಮಾಲೀಕ ಕೊಟ್ಟರೆ ಆ ಹಣ ಮಾಲೀಕನ ಖರ್ಚಾಗಿ ಅವನ ಲಾಭದಿಂದ ಕಳೆಯುತ್ತದೆ, ಕಾಯಿದೆ ಅದಕ್ಕೆ ಪೂರಾ ಒಪ್ಪಿಗೆ ಕೊಟ್ಟಿದೆ. ಕೊಡದೆ ನೌಕರನ ತಲೆಗೆ ಹಾಕಿದರೆ ಕಾಯಿದೆ ಸುಮ್ಮನಿರುತ್ತದೆ. ಆದ್ದರಿಂದ ಹೋರಾಟದ ಮೊದಲ ಜಾಗ ತೆರಿಗೆಯ ಫಾರಮಲ್ಲ, ಸಂಬಳದ ಪುಸ್ತಕ.

ಸಂಬಳದ ಪುಸ್ತಕದಲ್ಲಿ ಏನು ಕೇಳಬೇಕೆಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ಕೆಲಸದ ಮೇಲೆ ಪ್ರವಾಸ ಹೋದುದಕ್ಕೆ, ಕೆಲಸದ ವೇಳೆಯಲ್ಲಿ ಓಡಾಡಿದುದಕ್ಕೆ ಮಾಲೀಕನು ಪ್ರತ್ಯೇಕ ಭತ್ಯೆ ಕೊಟ್ಟರೆ, ನಿಜವಾಗಿ ಖರ್ಚಾದಷ್ಟಕ್ಕೆ ತೆರಿಗೆ ಬೀಳುವುದಿಲ್ಲ. ಈ ವಿನಾಯಿತಿಯನ್ನು 2020ರ ಜೂನ್‌ನ ಪ್ರಕಟಣೆಯೊಂದು ಹೊಸ ಪದ್ಧತಿಗೂ ವಿಸ್ತರಿಸಿತು. ಮನೆಯಿಂದ ಕಚೇರಿಗೆ ಹೋಗುವುದು ಇದರಲ್ಲಿ ಸೇರದು, ಕಚೇರಿಯಿಂದ ಮುಂದಿನ ಓಡಾಟ ಸೇರುತ್ತದೆ. ಆದ್ದರಿಂದ ನೇಮಕದ ಕಾಗದದಲ್ಲಿಯೇ ಕಿಲೋಮೀಟರಿಗಿಷ್ಟು ಎಂದು ಬರೆಯಿಸಿಕೊಳ್ಳಿ. ಒಂದು ಸಣ್ಣ ಡೈರಿ ಇಡಿ: ತಾರೀಖು, ಎಲ್ಲಿಂದ ಎಲ್ಲಿಗೆ, ಏತಕ್ಕೆ, ಎಷ್ಟು ಕಿಲೋಮೀಟರು, ಬಿಲ್ಲಿದ್ದರೆ ಅದರ ಸಂಖ್ಯೆ. ತಿಂಗಳ ಕೊನೆಗೆ ಕಚೇರಿಗೆ ಒಪ್ಪಿಸಿ, ಒಂದು ಪ್ರತಿಗೆ ಸಹಿ ಹಾಕಿಸಿ ಇಟ್ಟುಕೊಳ್ಳಿ. ಸಂಬಳದ ಚೀಟಿಯಲ್ಲಿಯೂ ವರ್ಷದ ಕೊನೆಯ ತೆರಿಗೆ ಪ್ರಮಾಣಪತ್ರದಲ್ಲಿಯೂ ಅದು ಬೇರೆಯಾಗಿ ಕಾಣಬೇಕು. ಹಾಗೆ ಕಂಡರೆ ರಿಟರ್ನಿನಲ್ಲಿ ವಿನಾಯಿತಿ ಭತ್ಯೆಗಳ ಅಂಕಣದಲ್ಲಿ ಅದಕ್ಕೆ ಜಾಗ ಸಿಗುತ್ತದೆ.

ಇಲ್ಲೊಂದು ಮೋಸವಿದೆ, ಎಚ್ಚರದಿಂದಿರಬೇಕು. ಕೆಲವು ಮಾಲೀಕರು ಹೊಸದಾಗಿ ಏನನ್ನೂ ಕೊಡದೆ ಇದ್ದ ಸಂಬಳವನ್ನೇ ತುಂಡು ಮಾಡಿ ಒಂದು ತುಂಡಿಗೆ ವಾಹನ ಭತ್ಯೆಯೆಂದು ಹೆಸರಿಡುತ್ತಾರೆ. ತೆರಿಗೆ ಉಳಿಯಿತಲ್ಲ ಎಂದು ನೌಕರ ಹಿಗ್ಗುತ್ತಾನೆ. ಅತ್ತ ಭವಿಷ್ಯನಿಧಿಯ ಲೆಕ್ಕ ಕುಗ್ಗುತ್ತದೆ, ಗ್ರಾಚ್ಯುಯಿಟಿ ಕುಗ್ಗುತ್ತದೆ. ಎಲ್ಲ ನೌಕರರಿಗೂ ಒಂದೇ ಸಮನೆ ಹಂಚುವ ಭತ್ಯೆ ಭವಿಷ್ಯನಿಧಿಯ ಮಟ್ಟಿಗೆ ಮೂಲ ವೇತನವೇ ಎಂದು ಸುಪ್ರೀಂ ಕೋರ್ಟು 2019ರಲ್ಲಿ ತೀರ್ಪು ಕೊಡಬೇಕಾಗಿ ಬಂದದ್ದು ಈ ಚಾತುರ್ಯದಿಂದಲೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ ಇಂಥ ಭತ್ಯೆಗಳ ಮೊತ್ತ ಅರ್ಧವನ್ನು ಮೀರಿದರೆ ಮೀರಿದ ಭಾಗವನ್ನು ವೇತನಕ್ಕೆ ಸೇರಿಸಬೇಕೆನ್ನುತ್ತದೆ. ಅದೇ ಸಂಹಿತೆ, ಅದಕ್ಕೆ ಹಿಂದೆ 1936ರ ವೇತನ ಪಾವತಿ ಕಾಯಿದೆ, ಕೆಲಸದ ಸ್ವರೂಪದಿಂದ ಬೀಳುವ ವಿಶೇಷ ಖರ್ಚನ್ನು ತುಂಬಿಕೊಡುವ ಹಣ ಕೂಲಿಯಲ್ಲವೆಂದು ಹೇಳಿವೆ. ಖರ್ಚಿನ ಹಣ ಕೂಲಿಯಲ್ಲವೆಂದಾದರೆ ಕೂಲಿಯ ಹಣದಲ್ಲಿ ಖರ್ಚು ಮಾಡಿಸುವುದು ಹೇಗೆ ಸರಿ? ಕನಿಷ್ಠ ವೇತನಕ್ಕೆ ದುಡಿಯುವವನ ಜೇಬಿನಿಂದ ಪೆಟ್ರೋಲು ಹಾಕಿಸಿದರೆ ಅವನಿಗೆ ಕನಿಷ್ಠ ವೇತನ ಸಿಕ್ಕಿತೆಂದು ಯಾವ ಲೇಬರ್ ಇನ್‌ಸ್ಪೆಕ್ಟರು ಬರೆಯಬಲ್ಲ?

ಇನ್ನೊಂದು ವಿಚಿತ್ರವನ್ನೂ ವಾಚಕರ ಮುಂದಿಡುತ್ತೇವೆ. ಮೊಬೈಲು ಆಪಿನ ಮೂಲಕ ಊಟ ಸಾಮಾನು ಹಂಚುವ ತರುಣರು ನಮ್ಮ ಪೇಟೆಗೂ ಬಂದಿದ್ದಾರೆ. ಅವರನ್ನು ಕಂಪೆನಿಗಳು ನೌಕರರೆಂದು ಕರೆಯುವುದಿಲ್ಲ, ಪಾಲುದಾರರೆಂದು ಕರೆಯುತ್ತವೆ. ರಜೆಯಿಲ್ಲ, ನಿಶ್ಚಿತ ಸಂಬಳವಿಲ್ಲ. ಅವರಿಗೂ ಒಂದು ಸಾಮಾಜಿಕ ಭದ್ರತೆ ಬೇಕೆಂದು ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಆದರೆ ನೌಕರನಲ್ಲದ ಕಾರಣ ಅವನ ಗಳಿಕೆ ವ್ಯಾಪಾರದ ವರಮಾನವಾಗುತ್ತದೆ. ಹಾಗಾಗಿ ಅವನು ಲೆಕ್ಕ ಬರೆದಿಟ್ಟರೆ ಪೆಟ್ರೋಲನ್ನೂ ಬಂಡಿಯ ಸವಕಳಿಯನ್ನೂ ಕಳೆಯಬಹುದು! ಕೆಲಸಗಾರನೆಂಬ ಹೆಸರು ಹೋದರೆ ಖರ್ಚಿನ ಹಕ್ಕು ಬರುತ್ತದೆ, ಹೆಸರು ಬಂದರೆ ಹಕ್ಕು ಹೋಗುತ್ತದೆ.

ಹೆಂಗಸರ ಓಡಾಟದ ವಿಷಯದಲ್ಲಿ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ, ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟನ್ನು ತೆಗೆದುಹಾಕಿ, ಯಾವ ತೆರಿಗೆ ಕಡಿತವೂ ಮುಟ್ಟದವರನ್ನು ಮುಟ್ಟಿತು. ಗಾರ್ಮೆಂಟ್ಸಿಗೆ ಹೋಗುವವಳು, ತಾಲ್ಲೂಕು ಸಭೆಗೆ ಹೋಗುವ ಆಶಾ ಕಾರ್ಯಕರ್ತೆ ರಿಟರ್ನು ತುಂಬುವವರಲ್ಲ. ಅವರ ದಾರಿಖರ್ಚಿಗೆ ಉತ್ತರ ಬಸ್ಸಿನಲ್ಲೇ ಇದೆ. ಆದರೆ ಮಲೆನಾಡು ಕರಾವಳಿಗಳಲ್ಲಿ ಖಾಸಗಿ ಬಸ್ಸೊಂದೇ ಓಡುವ ದಾರಿಗಳು ಇನ್ನೂ ಎಷ್ಟೋ ಇವೆ. ಅಲ್ಲಿ ಉಚಿತ ಪ್ರಯಾಣದ ಮಾತು ಕಾಗದದ ಮೇಲಷ್ಟೇ.

ಅಂಕಣವಿಲ್ಲದ ಕಡೆ ಅಂಕಣ ಹುಟ್ಟಿಸಿಕೊಡುವ ದಲ್ಲಾಳಿಗಳೂ ಹುಟ್ಟಿಕೊಂಡಿದ್ದಾರೆ. ಇಷ್ಟು ಶೇಕಡಾ ಕೊಡಿ, ನಿಮ್ಮ ತೆರಿಗೆ ವಾಪಸು ಕೊಡಿಸುತ್ತೇವೆ ಎಂದು ಪಡೆಯದ ಭತ್ಯೆ, ಕಟ್ಟದ ವಿಮೆ, ಕೊಡದ ದೇಣಿಗೆಗಳನ್ನು ಬರೆದು ಕಳಿಸುತ್ತಾರೆ. 2025ರ ಜುಲೈ 14ರಂದು ತೆರಿಗೆ ಇಲಾಖೆ ದೇಶದ 150 ಕಡೆ ಇಂಥವರ ಮೇಲೆ ತಪಾಸಣೆ ನಡೆಸಿತು. ಸುಳ್ಳು ವಿವರಕ್ಕೆ ಉಳಿಸಿದ ತೆರಿಗೆಯ ಎರಡು ಪಟ್ಟು ದಂಡವೆಂದು ಕಾಯಿದೆ ಹೇಳಿತ್ತು. ಆ ದಂಡ ಕಟ್ಟಬೇಕಾದವನು ರಿಟರ್ನಿಗೆ ಹೆಸರಿರುವ ನೌಕರ. ದಲ್ಲಾಳಿಯಂತೂ ಆ ಹೊತ್ತಿಗೆ ಬೋರ್ಡು ಬದಲಾಯಿಸಿರುತ್ತಾನೆ. ನಮ್ಮ ಸದಸ್ಯರು ಯಾರೂ ಈ ಬಲೆಗೆ ಬೀಳಕೂಡದು.

ಕೋಟ್ಯಂತರ ಜನರ ಬಸ್ ಟಿಕೆಟ್ಟನ್ನು ಪರೀಕ್ಷಿಸುವುದು ಅಸಾಧ್ಯವೆಂದು ಇಲಾಖೆಯವರು ಹೇಳುವ ಕಾರಣವನ್ನು ನಾವು ಬಲ್ಲೆವು. ಟಿಕೆಟ್ಟು ಪರೀಕ್ಷಿಸಬೇಡಿ, ಕಿಲೋಮೀಟರಿಗೆ ಒಂದು ದರ ಕಟ್ಟಿ, ಸೈಕಲ್ಲಿಗೂ ಬಸ್ಸಿಗೂ ಬೈಕಿಗೂ ಅದೇ ಇರಲಿ. ಕೆಲಸದ ಮೇಲಿನ ಓಡಾಟಕ್ಕೆ ಮಾಲೀಕನು ಆ ದರವನ್ನು ಕೊಡುವುದು ಕಡ್ಡಾಯವಾಗಲಿ, ಕೊಡದಿದ್ದರೆ ಅವನ ಕಾರಿನ ಖರ್ಚನ್ನೂ ಲಾಭದಿಂದ ಕಳೆಯಲು ಬಿಡಬೇಡಿ. ಮಾಲೀಕ ಕಡಿಮೆ ಕೊಟ್ಟಾಗ ಉಳಿದ ವ್ಯತ್ಯಾಸವನ್ನು ನೌಕರ ಸ್ಥಿರ ಕಡಿತದ ಮೇಲೆ ಕಳೆದುಕೊಳ್ಳಲಿ. ಬಜೆಟ್ಟಿಗೆ ಮುಂಚೆ ಹಣಕಾಸು ಮಂತ್ರಿಗಳು ಉದ್ಯಮಿಗಳ ಸಂಘಗಳನ್ನೂ ಕಾರ್ಮಿಕ ಸಂಘಗಳನ್ನೂ ಕರೆದು ಅಭಿಪ್ರಾಯ ಕೇಳುವ ರೂಢಿಯಿದೆ. ಜಿಲ್ಲೆಯ ಸಂಘಗಳೆಲ್ಲ ಆ ಸಮಯಕ್ಕೆ ಈ ಬೇಡಿಕೆಯನ್ನು ತಮ್ಮ ಕೇಂದ್ರ ಸಂಘಗಳಿಗೆ ಮುಟ್ಟಿಸಬೇಕು, ಒಂದೊಂದು ಪ್ರತಿಯನ್ನು ಲೋಕಸಭಾ ಸದಸ್ಯರಿಗೂ ಕೊಡಬೇಕು.

ಅದಕ್ಕೆ ಅಂಕಿ ಬೇಕು. ತಿರುಗಾಟದ ಕೆಲಸದಲ್ಲಿರುವ ವಾಚಕರು ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಮೇಲೆ ಹೇಳಿದಂತೆ ಡೈರಿ ಬರೆದು, ತಿಂಗಳ ಕೊನೆಗೆ ಕಿಲೋಮೀಟರು, ಕೈಯಿಂದ ಹಾಕಿದ ಹಣ, ಮಾಲೀಕ ಕೊಟ್ಟ ಹಣ ಈ ಮೂರು ಅಂಕಿಗಳನ್ನು ನಮ್ಮ ಕಚೇರಿಗೆ ಕಳಿಸಬೇಕು. ಹೆಸರನ್ನಾಗಲಿ ಕಂಪೆನಿಯನ್ನಾಗಲಿ ಅಚ್ಚು ಹಾಕುವುದಿಲ್ಲ. ಡೈರಿ ಬರೆಯುವ ಕ್ರಮ ತಿಳಿಯದವರು ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಕಚೇರಿಗೆ ಬಂದರೆ ತೋರಿಸಿಕೊಡುತ್ತೇವೆ. ಬರುವಾಗ ನೇಮಕದ ಕಾಗದವನ್ನೂ ಕಳೆದ ಮೂರು ತಿಂಗಳ ಸಂಬಳದ ಚೀಟಿಯನ್ನೂ ಜೊತೆಗೆ ತರಬೇಕು.